ಎರಡು ಸಲ ಸ್ಲೈಡ್ ನೆಗೆಟಿವ್, ಪ್ಯಾಪ್ ಸ್ಮಿಯರ್‌ನಲ್ಲಿ ಮಾತ್ರ ಟ್ರೈಕೊಮೊನಾಸ್ ಅಂತ ಬಂದಿದೆ. ಯಾವುದನ್ನು ನಂಬುವುದು?

ಬೆಳ್ಳಿಚುಕ್ಕಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ವಿಷಯ ಮುಜುಗರದ್ದು, ಆದರೆ ಬೇರೆ ಎಲ್ಲಿ ಕೇಳಬೇಕು ಅಂತ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನಗೆ 34 ವರ್ಷ. ಐದು ತಿಂಗಳಿಂದ ಬಿಳಿ ಹೋಗುವುದು ಜಾಸ್ತಿಯಾಗಿದೆ. ಕೆಲವು ದಿನ ಹಳದಿ ಬಣ್ಣ, ಕೆಟ್ಟ ವಾಸನೆ, ಮೂತ್ರ ಮಾಡುವಾಗ ಉರಿ. ಆಮೇಲೆ ಎರಡು ಮೂರು ವಾರ ಏನೂ ಇರುವುದಿಲ್ಲ. ಸರಿಹೋಯ್ತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಶುರು. ಮೊದಲ ಸಲ ತೋರಿಸಿದಾಗ ಫಂಗಸ್ ಇರಬಹುದು ಅಂತ ಒಳಗೆ ಇಟ್ಟುಕೊಳ್ಳುವ ಮಾತ್ರೆ ಕೊಟ್ಟರು. ಪ್ರಯೋಜನ ಆಗಲಿಲ್ಲ. ಎರಡನೇ ಸಲ ಸ್ವಾಬ್ (ಹತ್ತಿ ಕಡ್ಡಿಯಲ್ಲಿ ಸ್ರಾವ) ತೆಗೆದು ಲ್ಯಾಬ್‌ಗೆ ಕಳಿಸಿದರು, 'ಪರಜೀವಿ ಕಂಡಿಲ್ಲ' ಅಂತ ಬಂತು. ಒಂದೂವರೆ ತಿಂಗಳ ನಂತರ ಮತ್ತೆ ಸ್ವಾಬ್, ಮತ್ತೆ ಅದೇ ಉತ್ತರ. ಎರಡೂ ಸಲ ಸ್ಯಾಂಪಲ್ ಬೆಳಗ್ಗೆ ತೆಗೆದದ್ದು, ಲ್ಯಾಬ್‌ನವರು ಸಂಜೆ ಬಂದು ತೆಗೆದುಕೊಂಡು ಹೋದರು.

ಹೋದ ವಾರ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಗೆ ಅಂತ ಪ್ಯಾಪ್ ಸ್ಮಿಯರ್ ಮಾಡಿಸಿದೆ. ಅದರಲ್ಲಿ ಕ್ಯಾನ್ಸರ್ ಲಕ್ಷಣ ಇಲ್ಲ, ಆದರೆ 'ಟ್ರೈಕೊಮೊನಾಸ್ ವಜೈನಾಲಿಸ್ ಹೋಲುವ ಜೀವಿಗಳು ಕಂಡಿವೆ' ಅಂತ ಬರೆದಿದ್ದಾರೆ. ಅದು ಮೈಕ್ರೋಸ್ಕೋಪ್‌ನಲ್ಲಿ ಮಾತ್ರ ಕಾಣುವ ಒಂದು ಪರಜೀವಿಯಂತೆ. ಎರಡು ರಿಪೋರ್ಟ್ ಇಲ್ಲ ಅನ್ನುತ್ತದೆ, ಒಂದು ಇದೆ ಅನ್ನುತ್ತದೆ. ಯಾವುದು ನಿಜ?

ಇನ್ನೊಂದು ವಿಷಯ ಬರೆಯಲೇಬೇಕು. ಇದು ಸಂಭೋಗದಿಂದ ಬರುವ ಕಾಯಿಲೆ ಅಂತ ಓದಿದೆ. ನನ್ನ ಗಂಡನಿಗೆ ಒಂದು ತೊಂದರೆಯೂ ಇಲ್ಲ. ನಾಲ್ಕು ದಿನದಿಂದ ಅವರ ಮುಖ ನೋಡಿ ಮಾತಾಡಲು ಆಗುತ್ತಿಲ್ಲ. ಟಾಯ್ಲೆಟ್‌ನಿಂದ ಬಂದಿರಬಹುದಾ? ಅಥವಾ ಇದು ಬೇರೆ ಯಾವುದೋ ಹುಳ ಇರಬಹುದಾ? ಗೊತ್ತಿದ್ದವರು ಹೇಳಿ.

ಗಾಜುಪಟ್ಟಿ ಉತ್ತರಿಸಿದ್ದು:

ನಾನು 16 ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದ ಒಂದು ಸಾಲಿನಲ್ಲಿದೆ ಅನಿಸುತ್ತದೆ: ಸ್ಯಾಂಪಲ್ ಬೆಳಗ್ಗೆ ತೆಗೆದದ್ದು, ಸಂಜೆ ತೆಗೆದುಕೊಂಡು ಹೋದದ್ದು.

ಇದು ಯಾಕೆ ಮುಖ್ಯ ಅಂದ್ರೆ, ನಿಮಗೆ ಮಾಡಿದ್ದು ಬಹುಶಃ ವೆಟ್ ಮೌಂಟ್. ಸ್ವಾಬ್‌ನಲ್ಲಿ ಬಂದ ಸ್ರಾವವನ್ನು ಒಂದು ಹನಿ ಸಲೈನ್ (ಉಪ್ಪುನೀರು) ಜೊತೆ ಸ್ಲೈಡ್ ಮೇಲೆ ಹಾಕಿ, ಬಣ್ಣ ಗಿಣ್ಣ ಏನೂ ಹಾಕದೆ ಹಾಗೇ ಮೈಕ್ರೋಸ್ಕೋಪ್ ಕೆಳಗೆ ನೋಡುತ್ತೇವೆ. ಟ್ರೈಕೊಮೊನಾಸ್ ಅನ್ನು ನಾವು ಗುರುತಿಸುವುದು ಅದರ ಓಡಾಟದಿಂದ. ಮುಂದೆ ನಾಲ್ಕು ಬಾಲದಂಥ ಎಳೆ, ಪಕ್ಕದಲ್ಲಿ ಅಲೆಯಾಡುವ ತೆಳು ಪೊರೆ. ಬದುಕಿದ್ದರೆ ಎಳೆದು ಎಳೆದು ತಿರುಗುತ್ತಾ, ಒದ್ದಾಡಿದ ಹಾಗೆ ಓಡಾಡುತ್ತದೆ, ಒಂದು ಸಲ ನೋಡಿದವರು ಮರೆಯುವುದಿಲ್ಲ. ಸತ್ತರೆ ದುಂಡಗಾಗಿ ಸುಮ್ನೆ ಬಿದ್ದಿರುತ್ತದೆ. ಆಗ ಬಿಳಿ ರಕ್ತಕಣಕ್ಕೂ ಅದಕ್ಕೂ ವ್ಯತ್ಯಾಸ ಹೇಳುವುದು ಬಹಳ ಕಷ್ಟ. ಸೋಂಕು ಇರುವ ಸ್ರಾವದಲ್ಲಿ ಬಿಳಿ ಕಣಗಳು ರಾಶಿ ರಾಶಿ ಇರುತ್ತವೆ, ಆ ಗುಂಪಿನಲ್ಲಿ ಅಲುಗಾಡದ ಒಂದು ಟ್ರೈಕೊಮೊನಾಸ್ ಹುಡುಕುವುದು ಹೇಗೆ ಹೇಳಿ.

ಸ್ಯಾಂಪಲ್ ತೆಗೆದ ಹತ್ತು ನಿಮಿಷದೊಳಗೆ ನೋಡಿದರೆ ಒಳ್ಳೆಯದು. ಒಂದು ಗಂಟೆ ಕಳೆಯುವಷ್ಟರಲ್ಲೇ ಹಿಡಿಯುವ ಸಾಧ್ಯತೆ 20% ತನಕ ಕಡಿಮೆಯಾಗಬಹುದು. ಕಾಳಜಿಯಿಂದ ಫ್ರಿಜ್‌ನಲ್ಲಿ ಇಟ್ಟರೂ ತೊಂದರೆಯೇ, ಚಳಿಗೆ ಅದರ ಓಡಾಟ ನಿಂತುಹೋಗುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ವೆಟ್ ಮೌಂಟ್‌ಗೆ ಸಿಗುವುದು ಸೋಂಕಿರುವ 100 ಹೆಂಗಸರಲ್ಲಿ 44ರಿಂದ 68 ಜನ ಮಾತ್ರ. ಅಂದರೆ ಸಂಜೆ ತನಕ ಕಾದ ಸ್ವಾಬ್‌ನಲ್ಲಿ 'ಕಂಡಿಲ್ಲ' ಅಂತ ಬಂದರೆ ಅದರ ಅರ್ಥ 'ಇಲ್ಲ' ಅಂತ ಅಲ್ಲವೇ ಅಲ್ಲ.

ನಾವು ರಿಪೋರ್ಟ್‌ನಲ್ಲಿ ಸ್ಯಾಂಪಲ್ ತೆಗೆದ ಹೊತ್ತು, ಸ್ಲೈಡ್ ನೋಡಿದ ಹೊತ್ತು ಎರಡನ್ನೂ ಬರೆಯಬೇಕು ಅಂತ ನಾನು ಕೆಲಸ ಮಾಡಿದ ಕಡೆಯೆಲ್ಲ ಹೇಳಿಕೊಂಡು ಬಂದಿದ್ದೇನೆ. ಒಂದು ಕಡೆ ಒಪ್ಪಿದರು, ಉಳಿದ ಕಡೆ ಇಲ್ಲ. ನಿಮ್ಮಂಥವರ ಕಥೆ ಓದಿದಾಗ ಬೇಜಾರಾಗುತ್ತದೆ, ಏಕೆಂದರೆ ಐದು ತಿಂಗಳು ಹೋಗಿದ್ದು ಬಹುಶಃ ಇದೊಂದು ಕಾರಣಕ್ಕೆ.

ಇನ್ನು ಪ್ಯಾಪ್ ಸ್ಮಿಯರ್. ಅದರಲ್ಲಿ ಜೀವಿ ಬಣ್ಣ ಹಾಕಿದ ಸ್ಲೈಡ್‌ನಲ್ಲಿ ಅಂಟಿಕೊಂಡಿರುತ್ತದೆ, ಓಡಾಟದ ಪ್ರಶ್ನೆ ಇಲ್ಲ, ಆಕಾರ ನೋಡಿ ಹೇಳಬೇಕು. ಪಿಯರ್ ಹಣ್ಣಿನ ಆಕಾರ, ಬೂದು ನೀಲಿ ಮೈ, ಒಂದು ಬದಿಗೆ ಸರಿದ ನ್ಯೂಕ್ಲಿಯಸ್. ಚೆನ್ನಾಗಿ ಕಂಡರೆ ನಂಬಬಹುದು. ಆದರೆ ಕೊಳೆತ ಬಿಳಿ ಕಣ, ಒಡೆದ ಜೀವಕೋಶದ ತುಂಡು ಕೂಡ ಹಾಗೇ ಕಾಣುವುದುಂಟು. ಅದಕ್ಕೇ ಅವರು 'ಹೋಲುವ' ಅಂತ ಬರೆದಿರುತ್ತಾರೆ. ಪ್ಯಾಪ್ ಇರುವುದು ಕ್ಯಾನ್ಸರ್ ಹುಡುಕಲು, ಪರಜೀವಿ ಅದರಲ್ಲಿ ಸಿಕ್ಕಿದ್ದು ಹಾದಿಯಲ್ಲಿ ಸಿಕ್ಕ ಸುಳಿವು. ನೀವು ಪಿಸಿಆರ್ ಮಾದರಿಯ ಟೆಸ್ಟ್ ಕೇಳಿ. ಅದಕ್ಕೆ ಜೀವಿ ಬದುಕಿರಬೇಕಾಗಿಲ್ಲ, ಅದರ ಆನುವಂಶಿಕ ವಸ್ತು ಇದ್ದರೆ ಸಾಕು. 100ರಲ್ಲಿ 95ಕ್ಕಿಂತ ಹೆಚ್ಚು ಸೋಂಕನ್ನು ಹಿಡಿಯುತ್ತದೆ. ಸ್ವಾಬ್ ನೀವೇ ತೆಗೆದುಕೊಟ್ಟರೂ ನಡೆಯುತ್ತದೆ.

ಪ್ರಸೂತಿಡಾಕ್ಟರ್ ಉತ್ತರಿಸಿದ್ದು:

ಗಾಜುಪಟ್ಟಿಯವರು ಲ್ಯಾಬ್ ಕಡೆಯದನ್ನು ಚೆನ್ನಾಗಿ ಹೇಳಿದ್ದಾರೆ, ನಾನು ಕ್ಲಿನಿಕ್ ಕಡೆಯದನ್ನು ಸೇರಿಸುತ್ತೇನೆ.

ಬೆಳ್ಳಿಚುಕ್ಕಿಯವರೇ, ಮೊದಲು ನಿಮ್ಮ ಕೊನೆಯ ಪ್ರಶ್ನೆ, ಏಕೆಂದರೆ ನಿಮ್ಮನ್ನು ತಿನ್ನುತ್ತಿರುವುದು ಅದೇ. ಹೌದು, ಟ್ರೈಕೊಮೊನಾಸ್ ದೊಡ್ಡವರಲ್ಲಿ ಹರಡುವುದು ಸಂಭೋಗದಿಂದ. ಇದಕ್ಕೆ ಅಮೀಬಾದ ಹಾಗೆ ಗಟ್ಟಿ ಕವಚದ ಸಿಸ್ಟ್ ರೂಪ ಇಲ್ಲ, ಒಣಗಿದರೆ ಸಾಯುತ್ತದೆ. ಹಾಗಾಗಿ ಟಾಯ್ಲೆಟ್ ಸೀಟಿನ ಮೇಲೆ ಹೊರೆ ಹಾಕುವುದು ಸರಿಯಲ್ಲ. ಆದರೆ ಯಾವಾಗ ಬಂತು ಅಂತ ಯಾವ ಟೆಸ್ಟೂ ಹೇಳುವುದಿಲ್ಲ. ಸೋಂಕಿರುವವರಲ್ಲಿ 70ರಿಂದ 85% ಜನಕ್ಕೆ ಲಕ್ಷಣ ಇರುವುದೇ ಇಲ್ಲ, ಇದ್ದರೂ ಗಮನಕ್ಕೆ ಬಾರದಷ್ಟು ಕಡಿಮೆ. ಹೆಂಗಸರ ಮೈಯಲ್ಲಿ ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು. ನಿಮ್ಮಿಂದ ಅವರಿಗೋ, ಅವರಿಂದ ನಿಮಗೋ, ಈಗಿನದೋ ಹಳೆಯದೋ, ಒಂದು ರಿಪೋರ್ಟ್ ಇಟ್ಟುಕೊಂಡು ತೀರ್ಮಾನಿಸಲು ಆಗುವುದಿಲ್ಲ. ಈ ಒಂದು ಕಾಗದ ನೋಡಿ ಮನೆ ಒಡೆದ ಪ್ರಸಂಗ ನಾನು ಕಂಡಿದ್ದೇನೆ. ದಯವಿಟ್ಟು ಗಂಡನ ಜೊತೆ ನೇರವಾಗಿ ಮಾತಾಡಿ. ಲಕ್ಷಣ ಇಲ್ಲದಿದ್ದರೂ ಅವರಿಗೂ ಚಿಕಿತ್ಸೆ ಆಗಲೇಬೇಕು, ಇಲ್ಲದಿದ್ದರೆ ನೀವು ಗುಣವಾಗಿ ಮತ್ತೆ ಅವರಿಂದಲೇ ಪಡೆದುಕೊಳ್ಳುತ್ತೀರಿ.

ಈಗ ಪರೀಕ್ಷೆಯ ವಿಷಯ. ಪುಸ್ತಕದಲ್ಲಿ ನೊರೆ ನೊರೆಯಾದ ಹಸಿರು ಹಳದಿ ಸ್ರಾವ, ಸ್ಟ್ರಾಬೆರಿಯ ಹಾಗೆ ಕೆಂಪು ಚುಕ್ಕಿ ಎದ್ದ ಗರ್ಭಕಂಠ (ಗರ್ಭಕೋಶದ ಬಾಯಿ) ಅಂತ ಓದಿರುತ್ತೇವೆ. ಆ ಚುಕ್ಕಿಗಳು ಬರಿಗಣ್ಣಿಗೆ ಕಾಣುವುದು 100ರಲ್ಲಿ ಸುಮಾರು 2 ಜನರಲ್ಲಿ. ಕಾಲ್ಪೊಸ್ಕೋಪ್ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣ) ಇಟ್ಟು ನೋಡಿದರೆ ಇನ್ನೂ ಜಾಸ್ತಿ ಸಿಗುತ್ತವೆ, ಆದರೆ ಬಿಳಿ ಹೋಗುವ ಪ್ರತಿಯೊಬ್ಬರಿಗೂ ಕಾಲ್ಪೊಸ್ಕೋಪ್ ಇಡುವುದಿಲ್ಲ ಅಲ್ವಾ. ಹಾಗಾಗಿ ಬಣ್ಣ, ವಾಸನೆ ನೋಡಿ ಊಹಿಸಿ ಔಷಧ ಕೊಡುವ ಪದ್ಧತಿ ಇದೆಯಲ್ಲ, ಅದು ಬಹಳ ಸಲ ಎಡವುತ್ತದೆ. ನಿಮಗೆ ಮೊದಲು ಫಂಗಸ್ ಔಷಧ ಕೊಟ್ಟದ್ದು ಅಂಥದ್ದೇ ಊಹೆ.

ಪಕ್ಕದಲ್ಲೇ ಕೂತು ಮಾಡಬಹುದಾದ ಒಂದು ಸಣ್ಣ ಟೆಸ್ಟ್ ಇದೆ, ಆಮ್ಲೀಯತೆ ಅಳೆಯುವ ಪಿಎಚ್ ಪಟ್ಟಿ. ಯೋನಿಯ ಗೋಡೆಯ ಸ್ರಾವಕ್ಕೆ ಮುಟ್ಟಿಸಬೇಕು. ಗರ್ಭಕಂಠದ ಲೋಳೆ, ರಕ್ತ, ವೀರ್ಯ ತಾಗಿದರೆ ಸುಳ್ಳು ಏರಿಕೆ ಬರುತ್ತದೆ. 4.5ಕ್ಕಿಂತ ಮೇಲಿದ್ದರೆ ಟ್ರೈಕೊಮೊನಾಸ್ ಅಥವಾ ಬ್ಯಾಕ್ಟೀರಿಯಲ್ ವಜಿನೋಸಿಸ್ (ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವುದು) ಕಡೆ ಅನುಮಾನ. ಫಂಗಸ್‌ನಲ್ಲಿ ಸಾಮಾನ್ಯವಾಗಿ ಏರುವುದಿಲ್ಲ. ಇದೊಂದರಿಂದ ರೋಗ ನಿರ್ಣಯ ಆಗುವುದಿಲ್ಲ, ಆದರೆ ಪಿಎಚ್ 5.5 ಇರುವವರಿಗೆ ಮೂರನೇ ಸಲವೂ ಫಂಗಸ್ ಮಾತ್ರೆ ಬರೆಯುವುದನ್ನು ಇದು ತಡೆಯುತ್ತದೆ. ಎರಡು ಸೋಂಕು ಒಟ್ಟಿಗೆ ಇರುವುದೂ ಸಾಮಾನ್ಯ, ಒಂದು ಸಿಕ್ಕಿತು ಅಂತ ಹುಡುಕಾಟ ನಿಲ್ಲಿಸಬಾರದು.

ಪಿಸಿಆರ್ ಸಿಗದ ಕಡೆ ಏನು ಮಾಡುವುದು ಅಂತ ಕೇಳುವವರಿಗೆ: ಜೀವಿಯ ಪ್ರೋಟೀನ್ ಗುರುತಿಸುವ ಆಂಟಿಜನ್ ಪಟ್ಟಿಯ ರ‍್ಯಾಪಿಡ್ ಟೆಸ್ಟ್ ಇದೆ, ಸುಮಾರು ಹತ್ತು ಹದಿನೈದು ನಿಮಿಷದಲ್ಲಿ ಉತ್ತರ, ವೆಟ್ ಮೌಂಟ್‌ಗಿಂತ ಎಷ್ಟೋ ಮೇಲು. ಕಲ್ಚರ್ (ಜೀವಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವುದು) ಕೂಡ ಇದೆ, ಆದರೆ ಐದಾರು ದಿನ ಕಾಯಬೇಕು. ಯಾವುದೇ ಸ್ವಾಬ್ ಕೊಡುವ ಹಿಂದಿನ ದಿನ ಒಳಗೆ ನೀರು ಹಾಯಿಸಿ ತೊಳೆಯಬೇಡಿ, ಕ್ರೀಂ ಹಚ್ಚಬೇಡಿ, ಮಾತ್ರೆ ಇಡಬೇಡಿ.

ಬೇರೆ ಪರಜೀವಿ ಇರಬಹುದಾ ಅಂತ ಕೇಳಿದ್ದೀರಿ. ಇರಬಹುದು, ಆದರೆ ಅಪರೂಪ. ನನ್ನ ಕೆಲಸದಲ್ಲಿ ಒಬ್ಬರನ್ನು ಮರೆಯಲು ಆಗಿಲ್ಲ. ಗರ್ಭಕಂಠದಲ್ಲಿ ಕೊಳೆತ ಹುಣ್ಣು, ಮುಟ್ಟಿದರೆ ರಕ್ತ, ನೋವು ಬಹಳ. ನೋಡಿದವರೆಲ್ಲ ಕ್ಯಾನ್ಸರ್ ಅಂದುಕೊಂಡೆವು, ಆಕೆಯ ಮಕ್ಕಳಿಗೂ ಹಾಗೇ ಹೇಳಿಯಾಗಿತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಕೋಶ ಒಂದೂ ಇಲ್ಲ, ಬದಲಿಗೆ ಕೆಂಪು ರಕ್ತಕಣ ನುಂಗಿದ ಅಮೀಬಾ, ಎಂಟಮೀಬಾ ಹಿಸ್ಟೊಲಿಟಿಕಾ. ಭೇದಿ ತರುವ ಅದೇ ಅಮೀಬಾ. ಗುದದ್ವಾರದ ಕಡೆಯಿಂದ ಬಂದು ಸೇರಿತ್ತು. ಮೆಟ್ರೊನಿಡಜೋಲ್ ಕೊಟ್ಟು ಕೆಲವೇ ವಾರದಲ್ಲಿ ಹುಣ್ಣು ಒಣಗಿತು. ಪಿಎಎಸ್ ಅನ್ನುವ ಬಣ್ಣ ಹಾಕಿ ನೋಡಿದ ಪೆಥಾಲಜಿ ಡಾಕ್ಟರ್‌ಗೆ ಆ ಮನೆಯವರು ಋಣಿ. ಇಲ್ಲಿ ಇನ್ನೊಂದು ಸಣ್ಣ ಎಚ್ಚರ: ಕಾಪರ್ ಟಿಯಂಥ ಸಾಧನ ಹಾಕಿಸಿಕೊಂಡವರ ಪ್ಯಾಪ್‌ನಲ್ಲಿ ಬಾಯಿಯ ವಸಡಿನಲ್ಲಿರುವ ಜಾತಿಯ ಅಮೀಬಾ ಕಾಣುವುದುಂಟು. ಅದು ಕೆಂಪು ಕಣ ನುಂಗುವ ಹಿಸ್ಟೊಲಿಟಿಕಾ ಅಲ್ಲ, ಬಿಳಿ ಕಣ ನುಂಗುವಂಥದ್ದು. 'ಅಮೀಬಾ' ಅನ್ನುವ ಒಂದೇ ಪದ ಓದಿ ಗಾಬರಿಯಾಗಬೇಡಿ, ಯಾವುದು ಅಂತ ಕೇಳಿ.

ಇಬ್ಬರಮ್ಮ ಉತ್ತರಿಸಿದ್ದು:

ಪ್ರಶ್ನೆಗೆ ನೇರ ಉತ್ತರ ಅಲ್ಲ, ಆದರೆ ಈ ಚರ್ಚೆ ಓದುವ ಅಮ್ಮಂದಿರಿಗೆ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಆರು ವರ್ಷ ಇದ್ದಾಗ ಕೆಳಗೆ ಕೆಂಪಾಗುವುದು, ಸ್ವಲ್ಪ ಸ್ರಾವ, ರಾತ್ರಿ ಎದ್ದು ಅಳುವುದು. ಸೋಪು ಬದಲಿಸಿದೆವು, ಮುಲಾಮು ಹಚ್ಚಿದೆವು, ಮೂತ್ರ ಪರೀಕ್ಷೆ ಮಾಡಿಸಿದೆವು. ಮಲ ಪರೀಕ್ಷೆಯೂ ನಾರ್ಮಲ್. ನನ್ನ ತಲೆಗೆ ಬರಬಾರದ ಯೋಚನೆಯೆಲ್ಲ ಬಂದು ಹೋಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಒಬ್ಬ ಮಕ್ಕಳ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಹಗಲು ಜಾಸ್ತಿಯೋ, ರಾತ್ರಿ ಜಾಸ್ತಿಯೋ? ರಾತ್ರಿ ಅಂದೆ. ಬೆಳಗ್ಗೆ ಮಗು ಎದ್ದ ತಕ್ಷಣ, ತೊಳೆಯುವ ಮೊದಲು, ಟಾಯ್ಲೆಟ್‌ಗೆ ಹೋಗುವ ಮೊದಲು, ಗುದದ್ವಾರದ ಸುತ್ತ ಪಾರದರ್ಶಕ ಟೇಪ್ ಒತ್ತಿ ತೆಗೆದು ಸ್ಲೈಡ್‌ಗೆ ಅಂಟಿಸಿ ತನ್ನಿ ಅಂದರು. ಮೂರು ದಿನ ಸತತ ಹಾಗೆ ಮಾಡಬೇಕು. ಎರಡನೇ ದಿನದ ಟೇಪ್‌ನಲ್ಲಿ ಪಿನ್‌ವರ್ಮ್ ಮೊಟ್ಟೆ ಸಿಕ್ಕಿತು.

ಬಿಳಿ ದಾರದ ತುಂಡಿನಂಥ ಹುಳು, ಒಂದು ಸೆಂಟಿಮೀಟರ್ ಆಸುಪಾಸು. ಹೆಣ್ಣು ಹುಳು ರಾತ್ರಿ ಗುದದ್ವಾರದಿಂದ ಹೊರಗೆ ಬಂದು ಚರ್ಮದ ಮೇಲೆ ಮೊಟ್ಟೆ ಇಡುತ್ತದೆ. ಹೆಣ್ಣುಮಕ್ಕಳಲ್ಲಿ ಕೆಲವೊಮ್ಮೆ ದಾರಿ ತಪ್ಪಿ ಯೋನಿಯ ಕಡೆ ಹೋಗುತ್ತದಂತೆ. ಮೊಟ್ಟೆ ಹೊರಗೆ ಇಡುವುದರಿಂದ ಮಲದಲ್ಲಿ ಸಿಗುವುದೇ ಕಡಿಮೆ. ನಾವು ಮಲ ಪರೀಕ್ಷೆ ನಂಬಿ ಎರಡು ತಿಂಗಳು ಕಳೆದದ್ದು ಹೀಗೆ. ಮನೆಯವರೆಲ್ಲರೂ ಒಟ್ಟಿಗೆ ಮಾತ್ರೆ ತೆಗೆದುಕೊಂಡೆವು, ಎರಡು ವಾರ ಬಿಟ್ಟು ಇನ್ನೊಂದು ಸಲ, ಏಕೆಂದರೆ ಮೊದಲ ಡೋಸ್‌ಗೆ ಮೊಟ್ಟೆಗಳು ಸಾಯುವುದಿಲ್ಲ.

ಒಂದು ಮಾತ್ರ ಸೇರಿಸುತ್ತೇನೆ. ಮಗುವಿನ ಸ್ರಾವದಲ್ಲಿ ಟ್ರೈಕೊಮೊನಾಸ್ ಅಂತ ಬಂದರೆ ಅದು ಪಿನ್‌ವರ್ಮ್‌ನಷ್ಟು ಹಗುರ ವಿಷಯ ಅಲ್ಲ, ಮಗುವಿಗೆ ಯಾರಿಂದಾದರೂ ತೊಂದರೆ ಆಗಿದೆಯಾ ಅಂತ ನೋಡಲೇಬೇಕು ಅಂತ ಅದೇ ಡಾಕ್ಟರ್ ಹೇಳಿದ್ದರು. ಅದಕ್ಕೇ ಸರಿಯಾದ ಹೆಸರು ಹಚ್ಚುವುದು ಇಷ್ಟು ಮುಖ್ಯ.

ದೂರದನರ್ಸ್ ಉತ್ತರಿಸಿದ್ದು:

ನಾನು ನಾಲ್ಕು ವರ್ಷ ಆಫ್ರಿಕಾದ ಮಲಾವಿಯಲ್ಲಿ ನರ್ಸ್ ಆಗಿ ಕೆಲಸ ಮಾಡಿದ್ದೇನೆ. ಅಲ್ಲಿನ ದೊಡ್ಡ ಸರೋವರದ ದಡದ ಹೆಂಗಸರ ತೊಂದರೆ ಇಲ್ಲಿ ಯಾರೂ ಎತ್ತದ ಕಾರಣ ಬರೆಯುತ್ತಿದ್ದೇನೆ.

ಶಿಸ್ಟೊಸೋಮಾ ಹೆಮಟೋಬಿಯಂ ಅಂತ ಒಂದು ಹುಳು. ಸಿಹಿನೀರಿನ ಬಸವನಹುಳುವಿನಿಂದ ಮರಿಗಳು ನೀರಿಗೆ ಬರುತ್ತವೆ, ನೀರಿಗಿಳಿದವರ ಚರ್ಮ ತೂರಿ ಒಳಹೋಗುತ್ತವೆ. ಬಟ್ಟೆ ಒಗೆಯಲು, ನೀರು ತರಲು, ಸ್ನಾನಕ್ಕೆ ದಿನಾ ಇಳಿಯುವವರು ಹೆಂಗಸರೇ ಅಲ್ವಾ. ಹುಳುಗಳು ಮೂತ್ರಕೋಶದ ಸುತ್ತಲಿನ ರಕ್ತನಾಳದಲ್ಲಿ ನೆಲೆಸಿ ಮೊಟ್ಟೆ ಇಡುತ್ತವೆ, ಆ ಮೊಟ್ಟೆಗಳು ಗರ್ಭಕಂಠ, ಯೋನಿಯ ಗೋಡೆಯಲ್ಲೂ ಸಿಕ್ಕಿಕೊಳ್ಳುತ್ತವೆ. ಆಫ್ರಿಕಾದ ಸಹರಾ ಕೆಳಗಿನ ದೇಶಗಳಲ್ಲಿ ಸುಮಾರು 5.6 ಕೋಟಿ ಹೆಂಗಸರು, ಹುಡುಗಿಯರಿಗೆ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಸ್ರಾವ, ಸಂಭೋಗದ ನಂತರ ರಕ್ತ, ಹೊಟ್ಟೆನೋವು, ಮಕ್ಕಳಾಗದಿರುವುದು. ಇಷ್ಟು ಹೇಳಿಕೊಂಡು ಬಂದವರಿಗೆ ಲೈಂಗಿಕ ರೋಗದ ಔಷಧ ಮತ್ತೆ ಮತ್ತೆ ಕೊಟ್ಟು ಕಳಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಂಡನನ್ನೇ ಕಾಣದ ಹದಿನೈದರ ಹುಡುಗಿಗೂ ಅದೇ ಮಾತು, ಅದೇ ಅನುಮಾನ. ಸ್ಪೆಕ್ಯುಲಮ್ (ಯೋನಿ ಅಗಲಿಸಿ ಒಳಗೆ ನೋಡುವ ಸಾಧನ) ಹಾಕಿ ನೋಡಿದರೆ ಗರ್ಭಕಂಠದ ಮೇಲೆ ಅಕ್ಕಿನುಚ್ಚು ಚೆಲ್ಲಿದ ಹಾಗೆ, ಮರಳು ಅಂಟಿದ ಹಾಗೆ ಹಳದಿ ಕಲೆ ಕಾಣುತ್ತದೆ. ಅದಕ್ಕೆ 'ಮರಳು ಕಲೆ' ಅಂತಲೇ ಹೆಸರು. ಕಾಲ್ಪೊಸ್ಕೋಪ್‌ನಲ್ಲಿ ಇನ್ನೂ ಸ್ಪಷ್ಟ. ಒಂದು ಸಲ ತೋರಿಸಿಕೊಟ್ಟರೆ ಗುರುತಿಸಬಹುದು. ಆದರೆ ಎಷ್ಟೋ ಜನಕ್ಕೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಕಲೆಗಳ ಚಿತ್ರಗಳ ಒಂದು ಸಣ್ಣ ಕೈಪುಸ್ತಕವನ್ನೇ ತಂದಿತು.

ಮೂತ್ರದಲ್ಲಿ ಮೊಟ್ಟೆ ಹುಡುಕುವುದಾದರೆ ಬೆಳಗ್ಗೆ 10ರಿಂದ ಮಧ್ಯಾಹ್ನ 2ರ ಒಳಗಿನ ಮೂತ್ರ ಬೇಕು, ಆಗ ಮೊಟ್ಟೆ ಜಾಸ್ತಿ ಬರುತ್ತವೆ. ತುದಿಯಲ್ಲಿ ಮುಳ್ಳಿರುವ ಮೊಟ್ಟೆ. ಇಲ್ಲೂ ಅದೇ ಮಾತು: ಮೂತ್ರದಲ್ಲಿ ಸಿಗಲಿಲ್ಲ ಅಂದರೆ ಗರ್ಭಕಂಠದಲ್ಲಿ ಇಲ್ಲ ಅಂತ ಅಲ್ಲ. ಹುಳು ವರ್ಷಗಟ್ಟಲೆ ಬದುಕುತ್ತದೆ, ಹಾಗಾಗಿ ಆ ಕಡೆಯ ಕೆರೆ, ಹೊಳೆಗಳಲ್ಲಿ ಯಾವತ್ತೋ ಈಜಿ ಬಂದವರು ಡಾಕ್ಟರ್‌ಗೆ ಕೇಳದಿದ್ದರೂ ತಾವಾಗೇ ಹೇಳಬೇಕು. ಬೆಳ್ಳಿಚುಕ್ಕಿಯವರೇ, ನೀವು ಅಲ್ಲಿಗೆ ಹೋಗಿಲ್ಲ ಅಂದರೆ ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಬೆಳ್ಳಿಚುಕ್ಕಿ ಮತ್ತೆ ಬರೆದದ್ದು, ಹನ್ನೊಂದು ದಿನದ ನಂತರ:

ಎಲ್ಲರಿಗೂ ಮನಸಾರೆ ಧನ್ಯವಾದ. ಆಫ್ರಿಕಾ ಕಡೆ ಹೋಗಿಲ್ಲ, ಆದರೆ ಆ ಹದಿನೈದರ ಹುಡುಗಿಯ ಮಾತು ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಪಿಸಿಆರ್ ಕೇಳಿದೆ. ಮೊದಲು 'ಪ್ಯಾಪ್‌ನಲ್ಲೇ ಇದೆಯಲ್ಲ, ಯಾಕೆ' ಅಂದರು. ಎರಡು ನೆಗೆಟಿವ್ ರಿಪೋರ್ಟ್ ತೋರಿಸಿ, ಸ್ಯಾಂಪಲ್ ಎಷ್ಟು ಗಂಟೆ ಕಾದಿತ್ತು ಅಂತ ಹೇಳಿದ ಮೇಲೆ ಒಪ್ಪಿದರು. ಪಾಸಿಟಿವ್ ಬಂತು. ಪಿಎಚ್ ಕೂಡ ನೋಡಿದರು, 5.5. ಜೊತೆಗೆ ಎಚ್‌ಐವಿ, ಸಿಫಿಲಿಸ್, ಕ್ಲಮಿಡಿಯಾ, ಗೊನೊರಿಯಾ ಪರೀಕ್ಷೆ ಮಾಡಿದರು, ಎಲ್ಲ ನೆಗೆಟಿವ್. ಮೆಟ್ರೊನಿಡಜೋಲ್ 500 ಮಿ.ಗ್ರಾಂ ದಿನಕ್ಕೆ ಎರಡು ಸಲ, 7 ದಿನ. ಇವತ್ತಿಗೆ ಮುಗಿಯಿತು. ಉರಿ ಮೂರನೇ ದಿನಕ್ಕೇ ಹೋಯಿತು.

ಗಂಡನಿಗೆ ಈ ಚರ್ಚೆಯನ್ನೇ ಓದಲು ಕೊಟ್ಟೆ. ಓದಿ ಮುಗಿಸಿ ಏನೂ ಹೇಳಲಿಲ್ಲ, ಮಾರನೇ ದಿನ ತಾವೇ ಹೋಗಿ ಮಾತ್ರೆ ಬರೆಸಿಕೊಂಡು ಬಂದರು. ನಮ್ಮ ಮದುವೆಗೆ ಮುಂಚಿನ ಮಾತುಗಳನ್ನೂ ಆಡಿದೆವು. ಅದು ನಮ್ಮಿಬ್ಬರದು.

ಒಂದೇ ಒಂದು ಪ್ರಶ್ನೆ ಉಳಿದಿದೆ. ಗುಣವಾಗಿದೆಯಾ ಅಂತ ನಾಳೆಯೇ ಇನ್ನೊಂದು ಪಿಸಿಆರ್ ಮಾಡಿಸಲಾ? ಕಾಯಲು ಮನಸ್ಸಿಲ್ಲ.

ಪ್ರಸೂತಿಡಾಕ್ಟರ್ ಉತ್ತರಿಸಿದ್ದು:

ನಾಳೆ ಬೇಡ. ಸತ್ತ ಜೀವಿಯ ಚೂರುಗಳು ಇನ್ನೂ ಉಳಿದಿರುತ್ತವೆ, ಪಿಸಿಆರ್‌ಗೆ ಸತ್ತದ್ದೂ ಬದುಕಿದ್ದೂ ಒಂದೇ. ಸುಮ್ನೆ ಪಾಸಿಟಿವ್ ಬಂದು ಮತ್ತೆ ಗಾಬರಿಯಾಗುತ್ತೀರಿ. ಮಾತ್ರೆ ಮುಗಿದು ಕನಿಷ್ಠ 3 ವಾರ ಆಗಲಿ, ಆಮೇಲೆ 3 ತಿಂಗಳೊಳಗೆ ಒಂದು ಸಲ ಮಾಡಿಸಿ. ಲಕ್ಷಣ ಇಲ್ಲದಿದ್ದರೂ ಮಾಡಿಸಿ, ಏಕೆಂದರೆ ಮರಳಿ ಬರುವುದು ಸಾಮಾನ್ಯ. ಇಬ್ಬರ ಚಿಕಿತ್ಸೆಯೂ ಮುಗಿದು ಲಕ್ಷಣ ಪೂರ್ತಿ ಹೋಗುವ ತನಕ ಸೇರಬೇಡಿ. ಆಗಲೂ ಪಾಸಿಟಿವ್ ಬಂದರೆ, ಮರುಸೋಂಕು ಅಲ್ಲ ಅಂತ ಖಚಿತವಾದರೆ, ಔಷಧಕ್ಕೆ ಬಗ್ಗದ ಜಾತಿಯಾ ಅಂತ ನೋಡಬೇಕಾಗುತ್ತದೆ. ಆಗ ಕಲ್ಚರ್ ಬೇಕು, ಬದುಕಿರುವ ಜೀವಿ ಸಿಗುವುದು ಅದರಲ್ಲೇ.

ಗಾಜುಪಟ್ಟಿ ಉತ್ತರಿಸಿದ್ದು:

ಆ ಸ್ವಾಬ್ ಕೊಡುವಾಗ ಹೊತ್ತು ಬರೆಸಿಕೊಳ್ಳಿ. ಮೂರು ವಾರ ಕಳೆದು ಫಲಿತಾಂಶ ಬಂದ ಮೇಲೆ ಇಲ್ಲಿ ಒಂದು ಸಾಲು ಹಾಕಿ, ಕಾಯುತ್ತಿರುತ್ತೇನೆ.